ಡಿ. ಕೊಟ್ಟೂರ್ ತೆಗೆದ ಮುಂಬಯಿ

ಹೋದ ವಾರ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಒಬ್ಬ ಹುಡುಗಿಯ ಕೈಯಿಂದ ಅಸಿಟಿಕ್ ಆಮ್ಲದ ಬಾಟಲಿ ಜಾರಿ ನೆಲಕ್ಕೆ ಬಿತ್ತು. ಹುಡುಗರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ನಾನು ಕಿಟಕಿ ತೆಗೆಸಿ, ನೀರು ಹಾಕಿಸಿ, ಗಾಜು ಎತ್ತಿಸಿದ ಮೇಲೂ ಅಲ್ಲೇ ನಿಂತಿದ್ದೆನಂತೆ. ಅಟೆಂಡರ್ ಎರಡು ಸಲ ಕರೆದದ್ದೂ ನನಗೆ ಕೇಳಿಸಲಿಲ್ಲ. ಹುಣಸೆಯದಲ್ಲ, ಮಜ್ಜಿಗೆಯದಲ್ಲ, ಗಂಟಲಿಗೆ ಹತ್ತಿ ಕಣ್ಣಲ್ಲಿ ನೀರು ತರಿಸುವ ಆ ಹುಳಿ ವಾಸನೆ ನನ್ನನ್ನು ಕೊಟ್ಟೂರಿನ ಒಂದು ಕಿಟಕಿಯಿಲ್ಲದ ಕೋಣೆಗೆ ಕರೆದುಕೊಂಡು ಹೋಗಿತ್ತು.

ಅದು ತೊಂಬತ್ತೆಂಟನೇ ಇಸವಿ. ನಮ್ಮೂರು ಹರಪನಹಳ್ಳಿ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಕೆಲಸ ಸಿಕ್ಕು, ಮೊದಲ ಪೋಸ್ಟಿಂಗ್ ಕೊಟ್ಟೂರಿಗೆ ಆಗಿತ್ತು. ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ದಿನಾ ಓಡಾಡಿಕೊಂಡಿರು ಅಂತ ಅಪ್ಪ ಹೇಳಿದರು. ನಾನು ಹಟ ಹಿಡಿದು ಪೇಟೆ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಮಾಳಿಗೆ ಮೇಲೆ ಒಂದು ರೂಮು ಹಿಡಿದೆ. ಇಪ್ಪತ್ತೆಂಟು ವರ್ಷದವಳಿಗೆ ತನ್ನದೇ ಅಂತ ಒಂದು ಬೀಗದ ಕೈ ಇರುವುದು ಎಷ್ಟು ದೊಡ್ಡ ಸಂಗತಿ ಅಂತ ಅಪ್ಪನಿಗೆ ಹೇಗೆ ಹೇಳುವುದು? ಅವರು ಸುಮ್ಮನಾದರು. ಆದರೆ ಒಳಗೊಳಗೇ ದಾವಣಗೆರೆಗೆ ನನ್ನ ವರ್ಗಾವಣೆ ಮಾಡಿಸಲು ಓಡಾಡುತ್ತಿದ್ದರು.

ಆ ವರ್ಷ ಮುಂಗಾರು ತಡವಾಗಿ ಬಂತು. ಬಂದದ್ದು ಒಮ್ಮೆಲೇ ಬಂತು. ಎರೆಮಣ್ಣು ಚಪ್ಪಲಿಗೆ ಮೆತ್ತಿ, ಹೆಜ್ಜೆ ಹೆಜ್ಜೆಗೂ ಚಪ್ಪಲಿ ಭಾರವಾಗುತ್ತ, ಕಾಲೇಜು ಮುಟ್ಟುವುದರೊಳಗೆ ನಾನು ಎರಡು ಇಂಚು ಎತ್ತರವಾಗಿರುತ್ತಿದ್ದೆ. ಅಂಥದೊಂದು ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಒಬ್ಬ ಮುದುಕರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಪುಟ್ಟ ಭೂತಗನ್ನಡಿ. ಸೋಡಿಯಂ ಥಯೋಸಲ್ಫೇಟ್ ಇದೆಯೇ ಎಂದು ಕೇಳಿದರು. ಹೆಸರನ್ನು ನನ್ನ ವಿದ್ಯಾರ್ಥಿಗಳಿಗಿಂತ ಸ್ಪಷ್ಟವಾಗಿ ಉಚ್ಚರಿಸಿದರು. ಯಾತಕ್ಕೆ ಎಂದೆ. ಫೋಟೋ ತೊಳೆಯಲಿಕ್ಕೆ ಎಂದರು. ಈಗಿನ ಸ್ಟುಡಿಯೋದವರದೆಲ್ಲ ಬಣ್ಣದ ಕೆಲಸ, ಕಪ್ಪು-ಬಿಳುಪಿನ ಸಾಮಾನು ಕೇಳಿದರೆ ನಗುತ್ತಾರೆ ಎಂದೂ ಹೇಳಿದರು.

ಕಾಲೇಜಿನ ಸಾಮಾನು ಹಾಗೆ ಕೊಡಲು ಬರುವುದಿಲ್ಲ. ದಾವಣಗೆರೆಯಲ್ಲಿ ನಮಗೆ ರಾಸಾಯನಿಕ ಕೊಡುವ ಅಂಗಡಿಯಿಂದ ತರಿಸುತ್ತೇನೆ, ವಿಳಾಸ ಹೇಳಿ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ಮಂಡಕ್ಕಿ ಭಟ್ಟಿ ದಾಟಿದ ಮ್ಯಾಲೆ ಫೋಟೋ ದುರುಗಪ್ಪನ ಮನಿ ಅಂತ ಕೇಳ್ರಿ. ಅಲ್ಲ, ಹಂಗ ಕೇಳಬ್ಯಾಡ್ರಿ, ಯಾರಿಗೂ ಗೊತ್ತಿಲ್ಲ. ಹುಲಿಗೆವ್ವನ ಮನಿ ಅಂತ ಕೇಳ್ರಿ."

ಹದಿನೈದು ದಿನ ಬಿಟ್ಟು ಒಂದು ಭಾನುವಾರ ಪೊಟ್ಟಣ ಹಿಡಿದುಕೊಂಡು ಹೋದೆ. ಊರ ಹೊರಗಿನ ಕೇರಿಯ ಕೊನೆಗೆ ಎರಡು ಕೋಣೆಯ ಮನೆ. ಹುಲಿಗೆವ್ವ ದುರುಗಪ್ಪನವರ ತಂಗಿ, ಅವರಿಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿ ಮಗಳನ್ನು ಓದಿಸಿ, ಕೂಡ್ಲಿಗಿಯಲ್ಲಿ ನೌಕರಿಯಲ್ಲಿರುವ ಹುಡುಗನಿಗೆ ಕೊಟ್ಟಿದ್ದಳು. ಈಗಲೂ ದಿನಾ ಭಟ್ಟಿಗೆ ಹೋಗುತ್ತಿದ್ದಳು. ಬಿಸಿ ಮರಳಿನಲ್ಲಿ ಮಂಡಕ್ಕಿ ಹುರಿದು ಹುರಿದು ಕೂದಲೆಲ್ಲ ಸುಟ್ಟು ಅವಳ ಕೈಗಳು ನುಣ್ಣಗಾಗಿದ್ದವು. ನಾನು ಕುಳಿತ ಕೂಡಲೇ ಒಂದು ತಂಬಿಗೆ ನೀರು ತಂದು ಮುಂದಿಟ್ಟು, ಸ್ವಲ್ಪ ದೂರ ಸರಿದು ನಿಂತಳು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ತಂಬಿಗೆಗೆ ಕೈ ಹಾಕುವ ಮೊದಲು ನಾನು ಒಂದು ಕ್ಷಣ ತಡೆದೆ. ಬೇಕೆಂದು ತಡೆದದ್ದಲ್ಲ, ನಾನು ಬೆಳೆದ ಮನೆ ನನ್ನ ಕೈಯನ್ನು ಹಿಡಿದಿತ್ತು. ಆಮೇಲೆ ಕುಡಿದೆ. ಆದರೆ ಆ ಒಂದು ಕ್ಷಣವನ್ನು ಹುಲಿಗೆವ್ವ ನೋಡಿದ್ದಳು. ನೋಡಿದ್ದಳೆಂದು ನನಗೂ ಗೊತ್ತಾಯಿತು. ಅವಳು ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಒಳಗಿನ ಕೋಣೆಯೇ ಅವರ ಕತ್ತಲೆ ಕೋಣೆ. ಬಾಗಿಲಿಗೆ ಎರಡು ಪದರ ಗೋಣಿ ತಾಟು, ಒಂದು ಕೆಂಪು ಬಲ್ಬು, ಫೋಟೋ ದೊಡ್ಡದು ಮಾಡಲು ಮುಂಬಯಿಯಿಂದ ತಂದ ಎನ್‌ಲಾರ್ಜರು. ಗೋಡೆಯಲ್ಲಿ ಬುದ್ಧನ ಒಂದು ಸಣ್ಣ ಪಟ. ಅದರ ಕೆಳಗೆ ಸಾಲಾಗಿ ಬಿಸ್ಕೀಟಿನ ಡಬ್ಬಗಳು, ಆಳೆತ್ತರ. ಅವುಗಳಲ್ಲಿ ಅವರು ಮುಂಬಯಿಯಲ್ಲಿ ತೆಗೆದ ಫೋಟೋಗಳ ನೆಗೆಟಿವುಗಳಿದ್ದವು.

ಅವರ ಕಥೆ ನನಗೆ ತಿಳಿದದ್ದು ತುಂಡು ತುಂಡಾಗಿ. ಹದಿನೆಂಟನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಗೆ ಹೋಗಿ, ಒಂದು ಸ್ಟುಡಿಯೋದಲ್ಲಿ ನೆಲ ಒರೆಸುತ್ತ, ತಟ್ಟೆ ತೊಳೆಯುತ್ತ ಕೆಲಸ ಕಲಿತರು. ಆಮೇಲೆ ಒಂದು ಇಂಗ್ಲಿಷ್ ವಾರಪತ್ರಿಕೆ ಸೇರಿದರು. ಹೆಸರೇನು ಹಾಕಲಿ ಎಂದು ಅಲ್ಲಿಯ ಸಂಪಾದಕರು ಕೇಳಿದಾಗ ಡಿ. ಕೊಟ್ಟೂರ್ ಎಂದಿದ್ದರು. ಐವತ್ತರ ದಶಕದಿಂದ ಮೂವತ್ತು ವರ್ಷ ಆ ಹೆಸರು ಫೋಟೋಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಮುಂಬಯಿಯಲ್ಲಿ ಕೊಟ್ಟೂರಿನ ಹೆಸರು ವಾರವಾರವೂ ಅಚ್ಚಾಗುತ್ತಿದ್ದಾಗ ಕೊಟ್ಟೂರಿನಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ದುರುಗ ಮುಂಬಯಿ ಹೋಟ್ಲಿನಾಗ ಅದಾನ ಎಂದೇ ಕೇರಿಯವರು ತಿಳಿದಿದ್ದರು.

ಮೊದಲ ದಿನವೇ ಅವರು ಒಂದು ಡಬ್ಬದ ಮುಚ್ಚಳ ತೆಗೆದರು. ಆ ವಾಸನೆ ಭಗ್ಗನೆ ಮುಖಕ್ಕೆ ಹೊಡೆಯಿತು. ನಾನು ಹಿಂದೆ ಸರಿದೆ. ಅವರು ನಕ್ಕರು. ಫೋಟೋ ತೊಳೆಯುವಾಗ ಅಸಿಟಿಕ್ ಆಮ್ಲ ಬೇಕೇ ಬೇಕು, ನಲವತ್ತು ವರ್ಷ ಈ ವಾಸನೆಯಲ್ಲೇ ಬದುಕಿದ್ದೇನೆ, ನನಗೆ ಇದು ಹೂವಿನ ಹಾಗೆ ಎಂದರು. ನಾನು ಒಂದು ನೆಗೆಟಿವ್ ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. ಅಂಚು ಸುರುಟಿಕೊಂಡಿತ್ತು. ವಾಸನೆ ಫೋಟೋ ತೊಳೆಯುವ ತಟ್ಟೆಯ ಆಮ್ಲದ್ದಲ್ಲ, ಫಿಲ್ಮಿನದೇ. ಆ ಕಾಲದ ಫಿಲ್ಮು ಅಸಿಟೇಟಿನದು. ಸೆಖೆಯಲ್ಲಿ, ಗಾಳಿಯಿಲ್ಲದ ಡಬ್ಬದಲ್ಲಿ ಅದು ತಾನೇ ಒಡೆದು ಆಮ್ಲ ಬಿಡುತ್ತದೆ. ಬಿಟ್ಟ ಆಮ್ಲವೇ ಉಳಿದದ್ದನ್ನು ಇನ್ನೂ ಬೇಗ ಒಡೆಯುತ್ತದೆ. ಒಂದು ಕೊಳೆತ ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸಿದ ಹಾಗೆ. ನಾನು ಇದನ್ನೆಲ್ಲ ಪಾಠದ ಧಾಟಿಯಲ್ಲೇ ಹೇಳಿಬಿಟ್ಟೆ. ಹೇಳಿ ಮುಗಿಸಿ ತಲೆಯೆತ್ತಿದಾಗ ಅವರ ಮುಖ ನೋಡಿ, ಇಷ್ಟು ಚೊಕ್ಕವಾಗಿ ಹೇಳಬಾರದಿತ್ತು ಅನ್ನಿಸಿತು.

"ಇನ್ನ ಎಷ್ಟು ದಿನ ಇರ್ತಾವ ಇವು?" ಎಂದು ಕೇಳಿದರು.

ಕೆಲವು ಆಗಲೇ ಹೋಗಿವೆ, ಕೆಲವು ಒಂದು ವರ್ಷ ಉಳಿಯಬಹುದು, ಗೊತ್ತಿಲ್ಲ ಎಂದೆ. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅಂದು ಸಂಜೆಯವರೆಗೆ ಕುಳಿತು ಡಬ್ಬಗಳನ್ನೆಲ್ಲ ತೆಗೆದು, ಹುಳಿ ವಾಸನೆಯವನ್ನು ಬೇರೆ, ವಾಸನೆ ಇಲ್ಲದವನ್ನು ಬೇರೆ ಮಾಡಿ, ಹಳೇ ಸೀರೆ ಹಾಸಿ ಗಾಳಿಗೆ ಇಟ್ಟೆವು. ಹೋಗುತ್ತಿರುವವನ್ನೇ ಮೊದಲು ಪ್ರಿಂಟು ಹಾಕಬೇಕು ಎಂದು ತೀರ್ಮಾನವಾಯಿತು. ಅಲ್ಲಿಂದ ಆರು ತಿಂಗಳು ನನ್ನ ಭಾನುವಾರಗಳೆಲ್ಲ ಆ ಕೋಣೆಯಲ್ಲೇ ಕಳೆದವು. ಮಾಳಿಗೆ ಮನೆಯ ಮೇಷ್ಟ್ರ ಹೆಂಡತಿ ಎಲ್ಲಿಗೆ ಹೋಗ್ತೀಯವ್ವ ಎಂದು ಕೇಳುತ್ತಿದ್ದರು. ಮೊದಮೊದಲು ಲ್ಯಾಬಿನ ಕೆಲಸ ಎನ್ನುತ್ತಿದ್ದೆ. ಆಮೇಲೆ ಕೇರಿಯ ಹೆಸರು ಹೇಳಿಯೇ ಹೊರಡತೊಡಗಿದೆ. ಅವರು ಒಂದು ವಾರ ಮಾತು ಬಿಟ್ಟರು, ಮತ್ತೆ ಮಾತಾಡಿದರು.

ಮುಂಬಯಿಯನ್ನು ನಾನು ಇಂದಿಗೂ ಸರಿಯಾಗಿ ನೋಡಿಲ್ಲ. ಆದರೆ ಐವತ್ತರ ದಶಕದ ಮುಂಬಯಿ ನನಗೆ ನೋಡಿದ ಊರು. ಔಷಧದ ತಟ್ಟೆಯಲ್ಲಿ ಬಿಳೀ ಕಾಗದದ ಮೇಲೆ ಅದು ಮೆಲ್ಲಗೆ ಮೂಡುತ್ತಿತ್ತು. ಮೊದಲು ಕೂದಲು, ಕಣ್ಣು, ನೆರಳು, ಕೊನೆಗೆ ಮುಖ. ಕೊನೆಯ ನಿಲ್ದಾಣದಲ್ಲಿ ಖಾಲಿ ಟ್ರಾಮಿನ ಬೆಂಚಿನ ಮೇಲೆ ಟೋಪಿ ಮುಖಕ್ಕೆ ಮುಚ್ಚಿ ಮಲಗಿದ ಕಂಡಕ್ಟರ್. ಮಳೆ ನೀರು ಮೊಣಕಾಲುದ್ದ ನಿಂತ ರಸ್ತೆಯಲ್ಲಿ ಬೂಟು ಕೈಯಲ್ಲಿ ಹಿಡಿದು, ಟೈ ಸರಿಮಾಡಿಕೊಳ್ಳುತ್ತ ಆಫೀಸಿಗೆ ಹೊರಟ ಗುಮಾಸ್ತ. ಚಹಾದ ಹೋಟೆಲಿನಲ್ಲಿ ಒಂದೇ ದಿನಪತ್ರಿಕೆಯ ಐದು ಹಾಳೆಗಳನ್ನು ಹಂಚಿಕೊಂಡು ಓದುತ್ತಿರುವ ಐದು ಮಂದಿ. ಗಿರಣಿಯ ಗೇಟು ತೆರೆಯುವುದನ್ನೇ ಕಾಯುತ್ತ ಬುತ್ತಿ ಗಂಟುಗಳ ಸಾಲಿನ ಹಿಂದೆ ಕುಳಿತ ಹೆಂಗಸರು. ಫುಟ್‌ಪಾತಿನಲ್ಲಿ ಕ್ಷೌರ ಮಾಡಿಸಿಕೊಳ್ಳುತ್ತ ಅರ್ಧ ಮೀಸೆಯಲ್ಲಿ ನಗುತ್ತಿರುವ ಹಮಾಲಿ. ಮಂತ್ರಿಗಳಿಲ್ಲ, ನಟಿಯರಿಲ್ಲ. ಅಂಥವರನ್ನೂ ತೆಗೆದಿದ್ದೆ, ಆ ನೆಗೆಟಿವುಗಳನ್ನೆಲ್ಲ ಪತ್ರಿಕೆಯವರೇ ಇಟ್ಟುಕೊಂಡರು ಎಂದು ದುರುಗಪ್ಪನವರು ಹೇಳಿದರು. ಇವನ್ನು ಪುಟದಲ್ಲಿ ಜಾಗ ಉಳಿದಾಗ ತುಂಬಲಿಕ್ಕೆ ಹಾಕುತ್ತಿದ್ದರು. ಯಾರಿಗೂ ಬೇಡವಾದ್ದರಿಂದ ತಮ್ಮ ಪಾಲಿಗೆ ಉಳಿದವು ಎಂದರು.

ಪ್ರತಿ ನೆಗೆಟಿವಿನ ಲಕೋಟೆಯ ಮೇಲೂ ಜಾಗ ಮತ್ತು ತಿಂಗಳು ಬರೆದಿರುತ್ತಿತ್ತು. ಲಾಲ್‌ಬಾಗ್, ಜುಲೈ. ದಾದರ್, ಬೆಳಿಗ್ಗೆ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಒಮ್ಮೆ ನಾನು ಗುಮಾಸ್ತನ ಫೋಟೋಕ್ಕೆ ಏನಾದರೂ ಚೆಂದದ ಶೀರ್ಷಿಕೆ ಕೊಡೋಣ ಎಂದೆ. ಅವರು ಒಪ್ಪಲಿಲ್ಲ. ಫೋಟೋದ ಕೆಳಗೆ ಗೊತ್ತಿಲ್ಲದ್ದನ್ನು ಬರೆಯಬಾರದು, ಬರೆದರೆ ಮೇಲಿನದೂ ಸುಳ್ಳಾಗುತ್ತದೆ ಎಂದರು. ಆ ವಿಷಯದಲ್ಲಿ ಅವರು ಬಹಳ ಬಿಗಿ.

ಹುಲಿಗೆವ್ವ ಮಾತ್ರ ಅವುಗಳತ್ತ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅಂಗಳದಲ್ಲಿ ದಾರಕ್ಕೆ ಒಣಹಾಕಿದ ಪ್ರಿಂಟುಗಳ ಕೆಳಗೇ ತಲೆ ಬಗ್ಗಿಸಿ ದಾಟಿ ಹೋಗುತ್ತಿದ್ದಳು. ನಮಗೆ ಚಹಾ ಮಾಡಿಕೊಡುತ್ತಿದ್ದಳು, ಮಂಡಕ್ಕಿ ಒಗ್ಗರಣೆ ಮಾಡಿಕೊಡುತ್ತಿದ್ದಳು, ನನ್ನ ಸೀರೆಗೆ ಕಲೆಯಾದರೆ ತೊಳೆದುಕೊಡುತ್ತಿದ್ದಳು. ಫೋಟೋ ಮಾತ್ರ ನೋಡುತ್ತಿರಲಿಲ್ಲ. ದೀಪಾವಳಿ ಹತ್ತಿರವಿದ್ದಾಗ ಒಂದು ದಿನ ನಾನು ಗಿರಣಿ ಗೇಟಿನ ಹೆಂಗಸರ ಪ್ರಿಂಟನ್ನು ಅವಳ ಕೈಗೇ ಕೊಟ್ಟು, ಹೆಂಗದ ನೋಡು ಹುಲಿಗೆವ್ವ ಎಂದೆ. ಅವಳು ಅದನ್ನು ಹಾಗೇ ತಿರುವಿ ನೆಲಕ್ಕಿಟ್ಟಳು. ದುರುಗಪ್ಪನವರು ಬಾಗಿಲಲ್ಲೇ ಇದ್ದರು.

"ಮುಂಬೈ ಮಂದೀದೆಲ್ಲಾ ತಗದಾನ. ನಮ್ಮವ್ವಂದು ಒಂದು ಫೋಟೋ ಇಲ್ಲರಿ ಮನ್ಯಾಗ. ನನಗ ಈಗ ಅವ್ವನ ಮುಖಾನ ನೆಪ್ಪಿಲ್ಲ."

ಸಿಟ್ಟಿಲ್ಲದೆ, ಹವೆ ಹೇಗಿದೆ ಎಂದು ಹೇಳುವ ಹಾಗೆ ಹೇಳಿದಳು. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ಅವರ ತಾಯಿ ನಾಗವ್ವ ತೀರಿಕೊಂಡಾಗ ಹುಲಿಗೆವ್ವನಿಗೆ ಹದಿನೈದು ವರ್ಷ. ಮುಂಬಯಿಗೆ ಕಾಗದ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಹತ್ತು ದಿನ ಕಳೆದಿತ್ತು. ಆಗ ದುರುಗಪ್ಪನವರ ಕೈಗೆ ಕ್ಯಾಮರಾ ಬಂದು ಮೂರು ವರ್ಷವಾಗಿತ್ತು. ಊರಿಗೆ ಒಮ್ಮೆಯೂ ಅದನ್ನು ತಂದಿರಲಿಲ್ಲ. ಯಾಕೆ ತರಲಿಲ್ಲ ಎಂದು ನಾನು ಬಹಳ ದಿನಗಳ ಮೇಲೆ ಕೇಳಿದೆ. ಕ್ಯಾಮರಾ ಪತ್ರಿಕೆಯದು, ದಾರಿಯಲ್ಲಿ ಏನಾದರೂ ಆದರೆ ಎಂಬ ಹೆದರಿಕೆ ಒಂದು. ಇನ್ನೊಂದು, ಹೇಗೆ ಹೋಗಿದ್ದೆನೋ ಹಾಗೇ ಕೈಬೀಸಿಕೊಂಡು ಬರಬೇಕು ಅನ್ನಿಸುತ್ತಿತ್ತು ಎಂದರು. ಅವ್ವ ಮುಂದಿನ ಸಲವೂ ಇರುತ್ತಾಳೆ ಎಂದುಕೊಂಡಿದ್ದೆ ಎಂದರು.

ಆ ಮಾತಾದ ಮೇಲೆ ಎರಡು ವಾರ ಅವರು ಕತ್ತಲೆ ಕೋಣೆಯ ಬಾಗಿಲು ತೆರೆಯಲಿಲ್ಲ. ನಾನು ಹೋದರೆ ಜಗುಲಿಯ ಮೇಲೆ ಕುಳಿತಿರುತ್ತಿದ್ದರು. ಬೇಸರದಿಂದ ಹಾಗೆ ಕುಳಿತಿದ್ದಾರೆ ಎಂದುಕೊಂಡಿದ್ದೆ. ಹೊರಡುವಾಗ ಒಮ್ಮೆ ಅವರ ಬಲಗಡೆಯಿಂದ ಚಹಾದ ಲೋಟ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಕಾಣಲೇ ಇಲ್ಲ.

ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನ ನೋಟ ಸುತ್ತಲಿಂದ ಕಿರಿದಾಗುತ್ತ ಬರುತ್ತಿದೆ, ಔಷಧಿ ಹಾಕಿದರೆ ನಿಧಾನವಾಗಬಹುದು, ಹೋದದ್ದು ಮಾತ್ರ ಮರಳಿ ಬರುವುದಿಲ್ಲ ಎಂದು ಅವರು ಸಮಾಧಾನದಿಂದಲೇ ತಿಳಿಸಿ ಹೇಳಿದರು. ತಿರುಗಿ ಬರುವಾಗ ಬಸ್ಸು ಹರಪನಹಳ್ಳಿ ದಾಟಿತು. ಸೂರ್ಯಕಾಂತಿ ಹೂವಿಗೆ ಬಂದಿತ್ತು, ರಸ್ತೆಯ ಎರಡೂ ಕಡೆ ಹಳದಿ. ದುರುಗಪ್ಪನವರು ಕಿಟಕಿಗೆ ಎಡಗಣ್ಣು ಹತ್ತಿರ ಹಿಡಿದು ನೋಡುತ್ತಿದ್ದರು.

"ಇನ್ನ ಮ್ಯಾಲೆ ನೀವ ನೋಡಿ ಹೇಳಬೇಕು ಮೇಡಂ. ಕೈ ನನ್ನವು ಇರ್ತಾವ."

ಹಾಗೆಯೇ ಆಯಿತು. ಕರೆಂಟು ಏರಿಳಿಯುತ್ತಿದ್ದ ಊರದು. ಎನ್‌ಲಾರ್ಜರಿನ ದೀಪದ ತಗಡಿನ ಮೇಲೆ ಅಂಗೈ ಇಟ್ಟು, ಅದರ ಬಿಸಿಯಿಂದಲೇ ಬೆಳಕು ಎಷ್ಟಿದೆ ಎಂದು ಅಳೆದು, ಮರಾಠಿಯಲ್ಲಿ ಎಣಿಸುತ್ತಿದ್ದರು. ಏಕ್, ದೋನ್, ತೀನ್. ಎಣಿಕೆ ಮಾತ್ರ ಅವರಿಗೆ ಕನ್ನಡದಲ್ಲಿ ಬರುತ್ತಿರಲಿಲ್ಲ. ನಾನು ತಟ್ಟೆಯಲ್ಲಿ ಮೂಡುತ್ತಿದ್ದುದನ್ನು ಬಾಯಲ್ಲಿ ಹೇಳುತ್ತಿದ್ದೆ. ಎಡಕ್ಕೆ ಒಂದು ಗೋಡೆ, ಒಬ್ಬ ಮುದುಕ, ಕೈಯಲ್ಲಿ ಪಂಜರ. ಅವರು ಹೂಂ ಎಂದು, ಪಂಜರದಲ್ಲಿ ಹಕ್ಕಿ ಬಂತಾ ಎಂದು ಕೇಳುತ್ತಿದ್ದರು. ಬರುವವರೆಗೆ ಕಾಯುತ್ತಿದ್ದೆವು. ನನ್ನ ಬದುಕಿನಲ್ಲಿ ನಾನು ಅಷ್ಟು ಗಮನವಿಟ್ಟು ಬೇರೆ ಏನನ್ನೂ ನೋಡಿಲ್ಲ. ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬೇಕಾದಾಗಲೇ ನಾವು ನಿಜವಾಗಿ ನೋಡುವುದು ಅಂತ ನನಗೆ ತಿಳಿದದ್ದು ಆ ಕೋಣೆಯಲ್ಲಿ.

ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಇರಬೇಕು. ಬಹಳ ಕೆಟ್ಟ ಒಂದು ಡಬ್ಬದಿಂದ ನಾಲ್ಕು ನೆಗೆಟಿವು ಸಿಕ್ಕವು. ಮೂರು ಪೂರ್ತಿ ಸುಕ್ಕಾಗಿದ್ದವು. ನಾಲ್ಕನೆಯದನ್ನು ಹಾಕಿದೆವು. ಲಕೋಟೆಯ ಮೇಲೆ ಪರಳ, ಮುಂಜಾನೆ ಎಂದಿತ್ತು. ನಾನು ಹೇಳತೊಡಗಿದೆ. ವಠಾರದಂಥ ಒಂದು ಚಾಳಿನ ಅಂಗಳ, ಒಂದು ನಲ್ಲಿ, ಸಾಲಾಗಿ ಕೊಡಗಳು. ಮುಂದೆ ಒಬ್ಬ ಹೆಂಗಸು. ಸೊಂಟದ ಮೇಲೆ ಖಾಲಿ ಕೊಡ. ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಳೆ. ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನಿಂತಿದ್ದಾಳೆ.

ದುರುಗಪ್ಪನವರ ಎಣಿಕೆ ನಿಂತಿತು. ನಾನೇ ಕಾಗದವನ್ನು ತೆಗೆದು ಮುಂದಿನ ತಟ್ಟೆಗೆ ಹಾಕಿದೆ.

ಆಮೇಲೆ ಅವರೇ ಹೇಳಿದರು. ಅವ್ವ ಹೋದ ಕಾಗದ ಬಂದ ವಾರ ಅದು. ಮಣ್ಣಾಗಿ ಹತ್ತು ದಿನವಾದ ಮೇಲೆ ಊರಿಗೆ ಹೋಗಿ ಏನು ಮಾಡುವುದು ಎಂದು ತಿಳಿಯದೆ ಬೆಳಗಿನ ಹೊತ್ತು ಸುಮ್ಮನೆ ಬೀದಿ ಬೀದಿ ತಿರುಗುತ್ತಿದ್ದರು. ಗಿರಣಿಗಳ ಬಡಾವಣೆಯಾದ ಪರಳದ ಒಂದು ಚಾಳಿನ ಮುಂದೆ ಈ ಹೆಂಗಸು ಕಂಡಳು. ನಾಲ್ಕು ದಿನ ಅದೇ ಹೊತ್ತಿಗೆ ಹೋಗಿ ನಿಂತರು. ನಾಲ್ಕನೇ ದಿನ ತೆಗೆದರು. ಪತ್ರಿಕೆಗೆ ಕೊಡಲಿಲ್ಲ, ಯಾರಿಗೂ ತೋರಿಸಲಿಲ್ಲ. ಹುಲಿಗೆವ್ವನಿಗೆ ಯಾಕೆ ತೋರಿಸಲಿಲ್ಲ ಎಂದೆ. ಯಾರನ್ನೋ ತೋರಿಸಿ ಅವ್ವ ಎನ್ನಲೇ, ಅದು ಸುಳ್ಳಾಗುವುದಿಲ್ಲವೇ ಎಂದರು. ಒಣಗಿದ ಕೂಡಲೇ ಒಳಗೆ ತೆಗೆದಿಡಿ ಎಂದೂ ಹೇಳಿದರು.

ನಾನು ಅವರ ಮಾತು ಮೀರಬೇಕೆಂದಿರಲಿಲ್ಲ. ಆದರೆ ಪ್ರಿಂಟು ಒಣಗುವ ಮೊದಲೇ ಹುಲಿಗೆವ್ವ ಭಟ್ಟಿಯಿಂದ ಬಂದಳು. ಎಂದಿನಂತೆ ತಲೆ ಬಗ್ಗಿಸಿ ದಾರದ ಕೆಳಗೆ ದಾಟಿದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ಕಣ್ಣಂಚಿನಲ್ಲಿ ಏನೋ ಕಂಡಿರಬೇಕು. ತಿರುಗಿ ಬಂದು, ಬೂದಿ ಮೆತ್ತಿದ ಕೈಗಳನ್ನು ಸೀರೆಗೆ ಒರೆಸಿಕೊಂಡು ಅದರ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ದುರುಗಪ್ಪನವರಿಗೆ ಅವಳು ಕಾಣುತ್ತಿರಲಿಲ್ಲ, ಬಳೆಯ ಸದ್ದು ನಿಂತದ್ದು ಕೇಳಿಸಿತ್ತು. ಯಾರು, ಹುಲಿಗೆವ್ವಾ ಎಂದರು.

"ಇದು ಅವ್ವ ಅಲ್ಲ," ಎಂದಳು ಹುಲಿಗೆವ್ವ. "ಆದ್ರ ನಿಂತಿರೋದು ಅವ್ವನಂಗ."

ಅವಳು ನನ್ನ ಕಡೆ ತಿರುಗಿ ಹೇಳಿದಳು, ಎಂದೂ ಹೇಳದಿದ್ದುದನ್ನು. ಊರ ಬಾವಿಯ ಕಟ್ಟೆ ಕೇರಿಯವರು ಹತ್ತುವಂತಿರಲಿಲ್ಲ. ಕೊಡ ಸೊಂಟಕ್ಕಿಟ್ಟುಕೊಂಡು ದೂರ ನಿಲ್ಲಬೇಕು. ನೀರು ಸೇದಲು ಬಂದವರಲ್ಲಿ ಯಾರಾದರೂ ಕನಿಕರಪಟ್ಟು ಮೇಲಿಂದ ಸುರಿದರೆ ತುಂಬಿಕೊಳ್ಳಬೇಕು. ಅವ್ವ ಬೆಳಗಿನಿಂದ ಬಿಸಿಲೇರುವವರೆಗೆ ಹೀಗೇ ನಿಂತಿರುತ್ತಿದ್ದಳು. ಕಾಲು ಸುಡುತ್ತದೆ ಎಂದು ಒಂದರ ಮೇಲೊಂದು ಪಾದ ಇಟ್ಟುಕೊಂಡು. ಹುಲಿಗೆವ್ವ ಅವಳ ಸೆರಗು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು.

"ಅವ್ವ ಯಾರರ ಹಾಕ್ಲಿ ಅಂತ ನಿಂತಿರ್ತಿದ್ಲು. ಇಕಿ ಸರದಿ ಬಂದ ಕೂಡ್ಲೆ ತಾನ ನಲ್ಲಿ ತಿರುವ್ತಾಳ."

ನನಗೆ ಆ ಮೊದಲ ದಿನದ ತಂಬಿಗೆ ನೆನಪಾಗಿ ತಲೆಯೆತ್ತಲಾಗಲಿಲ್ಲ. ಹುಲಿಗೆವ್ವ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಲಿಲ್ಲ, ಅದು ನನಗೆ ಗೊತ್ತು. ಅವಳು ಆಗಲೇ ಅಣ್ಣನ ಕಡೆ ತಿರುಗಿದ್ದಳು. ಇವಳ ಹೆಸರೇನು ಎಂದು ಕೇಳಿದಳು. ಗೊತ್ತಿಲ್ಲ ಎಂದರು.

"ನಾಕು ದಿನ ಹೋಗಿ ನಿಂತಿ. ಹೆಸ್ರು ಕೇಳಬೇಕಿತ್ತು."

ಮೂವತ್ತು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವರಿಗೆ ಇಷ್ಟು ನೇರವಾಗಿ ಯಾರೂ ತಪ್ಪು ಹೇಳಿರಲಿಕ್ಕಿಲ್ಲ. ಅವರು ಜಗುಲಿಯ ಮೇಲೆ ಕುಳಿತುಬಿಟ್ಟರು. ಅಂದಿನಿಂದ ಹುಲಿಗೆವ್ವ ಫೋಟೋ ನೋಡತೊಡಗಿದಳು. ಒಂದೊಂದನ್ನೂ ಕೈಗೆ ತೆಗೆದುಕೊಂಡು ಇವನ್ಯಾರು, ಇವಳ್ಯಾರು ಎಂದು ಅಣ್ಣನನ್ನು ಕೇಳುತ್ತಿದ್ದಳು. ಅವರು ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಿದ್ದರು. ಆ ಮುಖಗಳೆಲ್ಲ ಅಷ್ಟು ವರ್ಷ ಅವರ ಜೊತೆಗಿದ್ದವು. ಹೆಸರಿನಿಂದ ಕರೆಯಬಹುದಾದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಪ್ರದರ್ಶನ ಮಾಡೋಣ ಎಂದದ್ದು ನಾನು. ಪ್ರಿನ್ಸಿಪಾಲರು, ಕೊಟ್ಟೂರಿನ ಮಂದಿಗೆ ಮುಂಬಯಿ ಯಾಕಮ್ಮ ಎಂದರು. ಹೆಸರು ಕೊಟ್ಟೂರ್ ಅಂತಲೇ ಇದೆ ಸಾರ್ ಎಂದೆ. ನಕ್ಕು, ಮಾರ್ಚಿನಲ್ಲಿ ಪರೀಕ್ಷೆಗೆ ಬೆಂಚು ಹಾಕುವ ಮೊದಲು ಎರಡು ದಿನ ಹಾಲು ಬಿಟ್ಟುಕೊಟ್ಟರು. ಅಷ್ಟರಲ್ಲಿ ನನ್ನ ವರ್ಗಾವಣೆಯ ಆದೇಶ ಬಂತು. ಅಪ್ಪ ಖುಷಿಯಿಂದ ತಾವೇ ಹಿಡಿದುಕೊಂಡು ಬಂದಿದ್ದರು. ಪ್ರದರ್ಶನ ಮುಗಿಯದೆ ಬರುವುದಿಲ್ಲ ಎಂದೆ. ಅವರು ಸಿಟ್ಟಿನಿಂದ ತಿರುಗಿ ಹೋದರು. ಆದರೆ ಪ್ರದರ್ಶನದ ಮೊದಲ ದಿನ ಬೆಳಗಿನ ಬಸ್ಸಿಗೇ ಬಂದು, ಗುಮಾಸ್ತನ ಫೋಟೋದ ಮುಂದೆ ಕೈಕಟ್ಟಿ ನಿಂತು, ಬೂಟು ಹಂಗ ಹಿಡಿದ್ರ ಹಾಳಾಗಲ್ಲ ನೋಡು ಎಂದು ಯಾರಿಗೋ ವಿವರಿಸುತ್ತಿದ್ದರು.

ಪ್ರತಿ ಫೋಟೋದ ಕೆಳಗೆ ಜಾಗದ ಹೆಸರು ಬರೆದು, ಅದರ ಕೆಳಗೆ ಒಂದು ಗೆರೆ ಖಾಲಿ ಬಿಡಬೇಕು ಎಂದು ಹುಲಿಗೆವ್ವ ಹಟ ಹಿಡಿದಿದ್ದಳು. ಯಾರಿಗಾದರೂ ಹೆಸರು ಗೊತ್ತಿದ್ದರೆ ಹೇಳಲಿ ಎಂದು. ಇದು ಆಗುವ ಮಾತೇ ಎಂದು ನಾವಿಬ್ಬರೂ ಮನಸ್ಸಿನಲ್ಲಿ ಅಂದುಕೊಂಡೆವು. ಆದರೂ ಗೆರೆ ಬಿಟ್ಟೆವು. ಮಂದಿ ಬಂದರು. ಮೊದಲು ಹುಡುಗರು, ಆಮೇಲೆ ಸಂತೆಗೆ ಬಂದವರು, ಎರಡನೇ ದಿನ ಸುತ್ತಲ ಹಳ್ಳಿಯವರು. ಹಡಗಲಿಯ ಕಡೆಯಿಂದ ಬಂದ ಮಲ್ಲಿಗೆ ಮಾರುವ ಹೆಂಗಸರು ಬುಟ್ಟಿ ಹೊರಗಿಟ್ಟು ಬಂದು ಗಿರಣಿ ಗೇಟಿನ ಹೆಂಗಸರ ಸೀರೆಯ ಕಚ್ಚೆ ನೋಡಿ ತಮ್ಮತಮ್ಮೊಳಗೆ ಮಾತಾಡಿಕೊಂಡರು. ಹುಲಿಗೆವ್ವ ಎರಡು ದಿನ ಭಟ್ಟಿಗೆ ಹೋಗದೆ ನಲ್ಲಿಯ ಫೋಟೋದ ಪಕ್ಕ ನಿಂತಿದ್ದಳು. ಕೇಳಿದವರಿಗೆಲ್ಲ, ಇಕಿ ಯಾರೋ ಗೊತ್ತಿಲ್ಲ, ಆದ್ರ ನಮ್ಮವ್ವ ಹಿಂಗ ನಿಂತಿರ್ತಿದ್ಲು ಎಂದು ಹೇಳುತ್ತಿದ್ದಳು.

ಎರಡನೇ ದಿನ ಮಧ್ಯಾಹ್ನ ಕಾನಹೊಸಹಳ್ಳಿಯಿಂದ ಒಬ್ಬ ಮುದುಕ ಬಂದ. ಹರೆಯದಲ್ಲಿ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ದುಡಿದವನು. ಗೇಟಿನ ಫೋಟೋ ನೋಡಿ ಇದು ಇಂಥ ರಸ್ತೆ, ಬಲಕ್ಕೆ ಹೋದರೆ ಚಹಾದಂಗಡಿ ಎಂದೆಲ್ಲ ಹೇಳಿದ. ಮುಂದಕ್ಕೆ ಸರಿದು ಅರ್ಧ ಮೀಸೆಯ ಹಮಾಲಿಯ ಮುಂದೆ ನಿಂತವನು ಮಾತು ನಿಲ್ಲಿಸಿದ. ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋದ.

"ಇವ ನಮ್ಮ ಸೀತಾರಾಮ. ನಮ್ಮ ಖೋಲ್ಯಾಗ ಇದ್ದ. ಈ ಹಲ್ಲು ನೋಡ್ರಿ, ಸೀತಾರಾಮಂದ."

ಅವನ ಪೂರ್ತಿ ಹೆಸರು, ಊರು, ಅವನು ಹಾಡುತ್ತಿದ್ದುದು, ಉಪ್ಪು ಹೆಚ್ಚಾದರೆ ಊಟ ಬಿಟ್ಟು ಏಳುತ್ತಿದ್ದುದು, ಎಲ್ಲ ಹೇಳಿದ. ದುರುಗಪ್ಪನವರು ಗೋಡೆ ಹಿಡಿದುಕೊಂಡು ಬಂದು ಆ ಮುದುಕನ ಕೈ ಹಿಡಿದರು. ಇಬ್ಬರೂ ಮರಾಠಿಯಲ್ಲಿ ಮಾತಿಗಿಳಿದರು. ಅರ್ಧ ಗಂಟೆ ಬಿಡಲಿಲ್ಲ. ಖಾಲಿ ಗೆರೆಯ ಮೇಲೆ ನಾನು ಸೀತಾರಾಮ ಎಂದು ಬರೆದೆ. ಅಕ್ಷರ ಸರಿಯಾಗಿದೆಯೇ ಎಂದು ದುರುಗಪ್ಪನವರು ಮೂರು ಸಲ ಕೇಳಿದರು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ನೋಡಲಿಲ್ಲ. ಸಂಜೆ ಹಾಲಿನ ಬಾಗಿಲು ಹಾಕುವಾಗ, ಒಂದು ಸಿಕ್ಕಿತಲ್ಲ ಎಂದು ಹುಲಿಗೆವ್ವ ಅಂದಳು. ಬೇರೆ ಯಾವ ಗೆರೆಯೂ ತುಂಬಿರಲಿಲ್ಲ. ಒಂದು ತುಂಬಿತ್ತು.

ಮರುವಾರ ನಾನು ದಾವಣಗೆರೆಗೆ ಹೋದೆ. ದುರುಗಪ್ಪನವರು ಆಮೇಲೆ ಮೂರು ವರ್ಷ ಇದ್ದರು. ನೆಗೆಟಿವುಗಳಲ್ಲಿ ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಪ್ರಿಂಟುಗಳು ಈಗ ಹುಲಿಗೆವ್ವನ ಮಗಳ ಮನೆಯಲ್ಲಿ, ಕೂಡ್ಲಿಗಿಯಲ್ಲಿ ಇವೆ. ಕೆಲವು ನನ್ನ ಹತ್ತಿರ ಇವೆ.

ಪ್ರದರ್ಶನ ನಡೆದ ವರ್ಷದ ದಸರಾ ರಜೆಯಲ್ಲಿ ಕೊಟ್ಟೂರಿಗೆ ಹೋದಾಗ ನಡೆದದ್ದು ಇನ್ನೊಂದಿದೆ. ಹೊಸಪೇಟೆಯ ಆಚೆ ಎಂದೂ ಕಾಲಿಡದಿದ್ದ ಹುಲಿಗೆವ್ವ ಬೇಸಿಗೆಯಲ್ಲಿ ಅಣ್ಣನನ್ನು ಹೊರಡಿಸಿಕೊಂಡು ಗುಂತಕಲ್ಲಿನಿಂದ ರೈಲು ಹತ್ತಿ ಮುಂಬಯಿಗೆ ಹೋಗಿ ಬಂದಿದ್ದಳು. ಅವರಿಗೆ ದಾರಿ ಗೊತ್ತು, ಕಣ್ಣಿಲ್ಲ. ಇವಳಿಗೆ ಕಣ್ಣಿದೆ, ದಾರಿ ಗೊತ್ತಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಪರಳದಲ್ಲಿ ಮೂರು ದಿನ ತಿರುಗಿದ್ದರು. ಚಾಳು ಇನ್ನೂ ಇತ್ತು. ನಲ್ಲಿಯೂ ಇತ್ತು, ಹಿತ್ತಾಳೆಯ ಬದಲು ಪ್ಲಾಸ್ಟಿಕ್ಕಿನದು. ಫೋಟೋದವಳು ಯಾರೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮೇಲಿನ ಮಹಡಿಯಲ್ಲಿ ಒಬ್ಬ ಹಣ್ಣು ಮುದುಕಿ ಸಿಕ್ಕಳಂತೆ. ಮುಖ ಗುರುತು ಸಿಗಲೊಲ್ಲದು, ಆದರೆ ಆಗ ಆ ನಲ್ಲಿಗೆ ನೀರಿಗೆ ಬರುತ್ತಿದ್ದವರ ಹೆಸರು ಹೇಳುತ್ತೇನೆ, ಅವರಲ್ಲಿ ಒಬ್ಬಳು ಇವಳು ಎಂದು ಒಂದೊಂದಾಗಿ ಹೇಳಿದಳಂತೆ. ಮುದುಕಿಯ ಮೊಮ್ಮಗಳು ಅವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು.

ಹುಲಿಗೆವ್ವ ಮಡಚಿದ ಹಾಳೆ ತೆಗೆದು ಕೊಟ್ಟು, ಅಂಗಳದಲ್ಲಿ ಚಾಪೆ ಹಾಸಿ, ನಲ್ಲಿಯ ಫೋಟೋ ತಂದು ಬೋರಲಾಗಿಟ್ಟಳು. ಹೆಸರುಗಳನ್ನೆಲ್ಲ ಅದರ ಹಿಂದೆ ಕನ್ನಡದಲ್ಲಿ ಬರೆಯಬೇಕೆಂದಳು. ಬೆಳಗಿನ ಬಿಸಿಲಿತ್ತು. ಎಣ್ಣೆ ಹಚ್ಚಿಕೊಂಡು ದುರುಗಪ್ಪನವರು ಪಕ್ಕದಲ್ಲಿ ಕುಳಿತಿದ್ದರು. ಅವರಿಗೆ ಆಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದುತ್ತ ಮಸಿ ಪೆನ್ನಿನಲ್ಲಿ ಬರೆದೆ. ತಾರಾಬಾಯಿ, ಸಖೂಬಾಯಿ, ಚಂದ್ರಭಾಗಾ, ಹೌಸಾಬಾಯಿ, ಹೀಗೆ ಹನ್ನೊಂದು ಹೆಸರು. ಮುಗಿದಾಗ ಹುಲಿಗೆವ್ವ ಹೇಳಿದಳು:

"ಅವ್ವನ ಹೆಸ್ರೂ ಬರೀರಿ ಮೇಡಂ."

ನಾನು ಪೆನ್ನು ಎತ್ತಿ ದುರುಗಪ್ಪನವರ ಮುಖ ನೋಡಿದೆ. ಅವರು ತಲೆಯಾಡಿಸಿದರು, ಬೇಡ ಎಂದು. ಅವ್ವ ಆ ನಲ್ಲಿಗೆ ಬಂದವಳಲ್ಲ, ಮುಂಬಯಿ ಕಂಡವಳಲ್ಲ ಎಂದರು. ಅವ್ವನೂ ನೀರಿಗೆ ನಿಂತವಳೇ ಎಂದಳು ಹುಲಿಗೆವ್ವ. ಭಟ್ಟಿಯ ಕಡೆಯಿಂದ ಮರಳಿನಲ್ಲಿ ಮಂಡಕ್ಕಿ ಅರಳುವ ಸದ್ದು ಕೇಳುತ್ತಿತ್ತು. ದುರುಗಪ್ಪನವರು ಬಹಳ ಹೊತ್ತಿನ ಮೇಲೆ ಕೆಮ್ಮಿದರು.

"ಊರು ಸೇರಿಸಿ ಬರೀರಿ," ಎಂದರು. "ಆಗ ಸುಳ್ಳಾಗಂ‌ಗಿಲ್ಲ."

ನಾನು ಕೊನೆಯಲ್ಲಿ ಬರೆದೆ. ನಾಗವ್ವ, ಕೊಟ್ಟೂರು.

ಹುಲಿಗೆವ್ವನಿಗೆ ಓದಲು ಬರುವುದಿಲ್ಲ. ಇದರಾಗ ಯಾವುದು ಅವ್ವ ಎಂದು ಕೇಳಿದಳು. ತೋರಿಸಿದೆ. ಬಗ್ಗಿ ಅದರ ಮೇಲೆ ಬೆರಳಿಟ್ಟಳು. ಮಸಿ ಇನ್ನೂ ಒಣಗಿರಲಿಲ್ಲ, ಬೆರಳಿಗೆ ಹತ್ತಿತು. ಅವಳು ಒರೆಸಿಕೊಳ್ಳಲಿಲ್ಲ.